ಕುದುರೆ ಲಾಯವುಳ್ಳ ತೋಟದ ಮನೆ ಮಾರಾಟಕ್ಕಿದೆ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

'ನವೀಕರಿಸಿದ ಹಳೆಯ ತೋಟದ ಮನೆ, ನಾಲ್ಕು ಕುದುರೆಗಳ ಲಾಯ, ಸವಾರಿ ಅಂಗಣ, ಸುತ್ತಲೂ ಆರು ಎಕರೆ ಜಮೀನು, ದಾಖಲೆಗಳು ಪಕ್ಕಾ.' ಬೆಂಗಳೂರಿನ ಸುತ್ತಲಿನ ದೇವನಹಳ್ಳಿ, ದೊಡ್ಡಬಳ್ಳಾಪುರ, ಕನಕಪುರ, ನೆಲಮಂಗಲದ ಕಡೆ ಆಸ್ತಿ ಹುಡುಕುವವರಿಗೆ ಈ ಧಾಟಿಯ ಜಾಹೀರಾತು ಅಪರಿಚಿತವೇನಲ್ಲ. ಇದರಲ್ಲಿ ಮನೆ ಮೊದಲು ಬರುತ್ತದೆ, ಲಾಯ ಅನಂತರ, ಜಮೀನು ಕೊನೆಯ ಸಾಲಿನಲ್ಲಿ. ಕೊಳ್ಳುವವರು ಇದೇ ಜಾಹೀರಾತನ್ನು ಹಿಂದಿನಿಂದ ಮುಂದಕ್ಕೆ ಓದುವುದು ಕ್ಷೇಮಕರ. ಮೊದಲು ಜಮೀನಿನ ಹಕ್ಕು, ಬಳಿಕ ದಾರಿ ಮತ್ತು ನೀರು, ಆಮೇಲೆ ಕುದುರೆಯ ಅಗತ್ಯಗಳು, ಎಲ್ಲಕ್ಕೂ ಕೊನೆಯಲ್ಲಿ ಮನೆ. ಮನೆಯ ದೋಷವನ್ನು ಹಣದಿಂದ ಸರಿಪಡಿಸಬಹುದು. ಜಮೀನಿನ ಹಕ್ಕಿನಲ್ಲಿ ದೋಷವಿದ್ದರೆ ಮನೆ, ಲಾಯ, ಹಣ ಮೂರೂ ಕೈಬಿಟ್ಟು ಹೋದಾವು.

ಕರ್ನಾಟಕಕ್ಕೂ ಕುದುರೆಗೂ ಇರುವ ನಂಟು ಹಳೆಯದು. ತುಮಕೂರು ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಂನ ಚರಿತ್ರೆಯನ್ನು ಟಿಪ್ಪು ಸುಲ್ತಾನನ ಅಶ್ವದಳದ ಕಾಲದಿಂದ ಹೇಳುವುದು ವಾಡಿಕೆ. ಬೆಂಗಳೂರು ಮತ್ತು ಮೈಸೂರಿನ ಪಂದ್ಯಗಳಿಂದಾಗಿ ಕುದುರೆ ಬಲ್ಲ ಪಶುವೈದ್ಯರು, ಸಾಯಿಸರು, ಲಾಳ ಕಟ್ಟುವವರು ಈ ಭಾಗದಲ್ಲಿ ನೆಲೆಸಿದ್ದಾರೆ. ಬೆಂಗಳೂರಿನ ಸವಾರ ಫೌಆದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲೂ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತು ತಲುಪಿದರು. ಆದರೆ ಸವಾರಿ ಶಾಲೆಯಲ್ಲಿ ವಾರಕ್ಕೊಮ್ಮೆ ಕುದುರೆ ಏರುವುದಕ್ಕೂ, ಸ್ವಂತ ಜಮೀನಿನಲ್ಲಿ ಅದನ್ನು ವರ್ಷವಿಡೀ ಸಾಕುವುದಕ್ಕೂ ಬಹಳ ಅಂತರವಿದೆ.

ಯಾರು ಕೊಳ್ಳಬಹುದು?

ಕರ್ನಾಟಕ ಭೂಸುಧಾರಣಾ ಕಾಯ್ದೆ, 1961ರ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು ಹಾಗೂ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ಕೃಷಿಯೇತರ ಆದಾಯವುಳ್ಳವರು ಕೃಷಿ ಜಮೀನು ಹೊಂದುವುದನ್ನು ದಶಕಗಳ ಕಾಲ ತಡೆದಿದ್ದವು. ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷ ರೂಪಾಯಿಯಿಂದ 25 ಲಕ್ಷಕ್ಕೆ ಏರಿಸಲಾಯಿತು. 2020ರ ತಿದ್ದುಪಡಿ ಈ ಕಲಮುಗಳನ್ನೇ ಕೈಬಿಟ್ಟು ಕೃಷಿಕರಲ್ಲದವರ ಖರೀದಿಗೂ ದಾರಿ ತೆರೆಯಿತು. ರೈತ ಸಂಘಟನೆಗಳು ಇದನ್ನು ತೀವ್ರವಾಗಿ ವಿರೋಧಿಸಿದವು. ಇದು ವಿವಾದದ ವಿಷಯವಾದ್ದರಿಂದ, ಒಪ್ಪಂದಕ್ಕೆ ಮುನ್ನ ಆ ದಿನಕ್ಕೆ ಜಾರಿಯಲ್ಲಿರುವ ನಿಯಮವನ್ನು ವಕೀಲರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ವಿದೇಶದಲ್ಲಿರುವ ಓದುಗರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಭಾರತದಲ್ಲಿ ವಾಸದ ಮನೆ ಅಥವಾ ವಾಣಿಜ್ಯ ಕಟ್ಟಡ ಕೊಳ್ಳಬಹುದು. ಆದರೆ ಕೃಷಿ ಜಮೀನು, ಪ್ಲಾಂಟೇಶನ್ ಹಾಗೂ ತೋಟದ ಮನೆಯನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ರಾಜ್ಯದ 2020ರ ತಿದ್ದುಪಡಿಯಿಂದ ಕೇಂದ್ರದ ಈ ನಿರ್ಬಂಧ ಸಡಿಲವಾಗಿಲ್ಲ. ಊರಿನಲ್ಲಿರುವ ಬಂಧುವಿನ ಹೆಸರಿನಲ್ಲಿ ಕೊಂಡು ಅನುಭವಿಸುವ ಉಪಾಯ ಬೇನಾಮಿ ಕಾನೂನಿನ ತೊಡಕನ್ನು ತಂದೀತು.

ದಾಖಲೆಗಳನ್ನು ಓದುವ ಕ್ರಮ

'ದಾಖಲೆಗಳು ಪಕ್ಕಾ' ಎಂಬ ಮಾತಿಗೆ ಸ್ವತಂತ್ರ ಬೆಲೆಯಿಲ್ಲ. ಪಹಣಿಯಲ್ಲಿ ಮಾರುವವರ ಹೆಸರಿದೆ ಎಂದ ಮಾತ್ರಕ್ಕೆ ಅವರಿಗೆ ಪೂರ್ಣ ಹಕ್ಕಿದೆ ಎಂದಾಗುವುದಿಲ್ಲ. ಕನಿಷ್ಠ ಕೆಳಗಿನವುಗಳನ್ನು ನೋಡಬೇಕು:

- ಕಳೆದ ಮೂವತ್ತು ವರ್ಷಗಳಿಗೆ ಕಡಿಮೆಯಿಲ್ಲದಂತೆ ಪಹಣಿ ಮತ್ತು ಮ್ಯುಟೇಶನ್ ಪ್ರತಿಗಳು. ಹೆಸರು ಬದಲಾದ ಪ್ರತಿಯೊಂದು ಸಲವೂ ಕಾರಣವೇನು, ಕ್ರಯವೋ ವಿಭಾಗವೋ ಪೌತಿಯೋ ಎಂಬುದು ತಿಳಿಯಬೇಕು.
- ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ. ನೋಂದಾಯಿತ ಅಡಮಾನ, ಹಿಂದಿನ ಕರಾರುಗಳು ಇದರಲ್ಲಿ ಕಾಣುತ್ತವೆ.
- ಸರ್ವೆ ನಕ್ಷೆ, ಟಿಪ್ಪಣಿ, ಆಕಾರಬಂದ್ ಮತ್ತು 11ಇ ನಕ್ಷೆ. ಒಂದೇ ಸರ್ವೆ ನಂಬರಿನಲ್ಲಿ ಹಲವರ ಹೆಸರಿದ್ದು ಪೋಡಿ ಆಗಿರದಿದ್ದರೆ, ನಿಮಗೆ ತೋರಿಸಿದ ಲಾಯ ನಿಜಕ್ಕೂ ಮಾರುವವರ ಭಾಗದಲ್ಲೇ ಇದೆಯೇ ಎಂಬುದು ಅನಿಶ್ಚಿತ.
- ವಂಶವೃಕ್ಷ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿದೆ. ತಂದೆ ಆ ದಿನಾಂಕಕ್ಕೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಅಣ್ಣತಮ್ಮಂದಿರು ಮಾತ್ರ ಸಹಿ ಮಾಡಿದ ಪತ್ರವನ್ನು ಅಕ್ಕತಂಗಿಯರು ಪ್ರಶ್ನಿಸಿದ ದಾವೆಗಳು ನ್ಯಾಯಾಲಯಗಳಲ್ಲಿ ಧಾರಾಳವಾಗಿವೆ.
- ಗೇಣಿ ಹಕ್ಕಿನ ವಿವಾದ ಬಾಕಿಯಿಲ್ಲವೆಂಬ ಹಿಂಬರಹ. ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು ಬಂದ ಜಮೀನಾದರೆ ಆ ಆದೇಶದ ಪ್ರತಿ.

ಇವೆಲ್ಲಕ್ಕಿಂತ ಗಂಭೀರವಾದದ್ದು ಮಂಜೂರಾತಿ ಜಮೀನಿನ ಪ್ರಶ್ನೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ವರ್ಗಾಯಿಸಿದರೆ ಅದು ಅಸಿಂಧುವೆಂದು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹೇಳುತ್ತದೆ. ಅಂತಹ ಜಮೀನು ನಾಲ್ಕಾರು ಕೈ ಬದಲಾಗಿದ್ದರೂ ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ. ಮರಳಿ ಕೇಳಲು ಕಾಲಮಿತಿಯ ಅಡ್ಡಿಯಿಲ್ಲವೆಂದು 2023ರ ತಿದ್ದುಪಡಿ ಸೇರಿಸಿತು. ಬಡತನದ ಒತ್ತಡದಲ್ಲಿ ಕೈತಪ್ಪಿದ ಭೂಮಿಯನ್ನು ಮೂಲ ಕುಟುಂಬಕ್ಕೆ ಒದಗಿಸುವುದೇ ಈ ಕಾಯ್ದೆಯ ಆಶಯ. ಆದ್ದರಿಂದ ಇದನ್ನು 'ಸರಿಮಾಡಿಸಿಕೊಡುತ್ತೇವೆ' ಎನ್ನುವ ಮಧ್ಯವರ್ತಿಯ ಮಾತಿಗೆ ಕಿವಿಗೊಡದೆ, ಮೂಲ ಮಂಜೂರಾತಿ ಕಡತ ಮತ್ತು ಸಾಗುವಳಿ ಚೀಟಿಯನ್ನೇ ನೋಡಬೇಕು.

ಪಹಣಿಯಲ್ಲಿನ ಖರಾಬು ವಿಸ್ತೀರ್ಣವನ್ನೂ ಲೆಕ್ಕಿಸಿರಿ. ಎ ಖರಾಬು ಎಂದರೆ ಸಾಗುವಳಿಗೆ ಒಗ್ಗದ ನೆಲ. ಬಿ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದ ನೆಲ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. 40 ಗುಂಟೆಗೆ ಒಂದು ಎಕರೆ, 1,089 ಚದರ ಅಡಿಗೆ ಒಂದು ಗುಂಟೆ. ಜಾಹೀರಾತಿನ ಆರು ಎಕರೆಯಲ್ಲಿ ಹದಿನೈದು ಗುಂಟೆ ಬಿ ಖರಾಬು ಇದ್ದು, ಸವಾರಿ ಅಂಗಣ ಅದರ ಮೇಲೆಯೇ ನಿಂತಿದ್ದರೆ ಅದನ್ನು ಎಂದಾದರೂ ತೆರವು ಮಾಡಬೇಕಾಗುತ್ತದೆ.

ಕುದುರೆ ಸಾಕುವುದು ಕೃಷಿಯೇ?

ಭೂಸುಧಾರಣಾ ಕಾಯ್ದೆಯ ಪರಿಭಾಷೆಯಲ್ಲಿ 'ಕೃಷಿ' ಎಂಬುದು ಬೆಳೆ ತೆಗೆಯುವುದಕ್ಕೆ ಸೀಮಿತವಲ್ಲ. ಹುಲ್ಲು ಬೆಳೆಸುವುದು, ಹೈನುಗಾರಿಕೆ, ಜಾನುವಾರು ತಳಿ ಸಂವರ್ಧನೆ, ಮೇಯಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮು ಕೃಷಿ ಜಮೀನಿನ ಹಿಡುವಳಿದಾರರಿಗೆ ಕೃಷಿ ಸಂಬಂಧದ ಕಟ್ಟಡ ಕಟ್ಟಲು ಅವಕಾಶ ಕೊಟ್ಟಿದೆ. ತೋಟದ ಮನೆಯ ವಿಸ್ತಾರ ಹಿಡುವಳಿಯ ಶೇ 10ನ್ನು ಮೀರಬಾರದು.

ಆದರೆ ಶುಲ್ಕ ಪಡೆದು ಸವಾರಿ ಕಲಿಸುವುದು, ಪರರ ಕುದುರೆಗಳನ್ನು ಬಾಡಿಗೆಗೆ ಇರಿಸಿಕೊಳ್ಳುವುದು, ವಾರಾಂತ್ಯದ ಅತಿಥಿಗಳಿಗೆ ಕೋಣೆ ಕೊಡುವುದು ಬೇರೆ ಮಾತು. ಇಂತಹ ಬಳಕೆಗೆ ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶ ಬೇಕಾಗುತ್ತದೆ. 'ಈಗಾಗಲೇ ಸವಾರಿ ಶಾಲೆ ನಡೆಯುತ್ತಿದೆ, ಆದಾಯವೂ ಇದೆ' ಎಂದು ಮಾರುವವರು ಹೇಳಿದರೆ, ಪರಿವರ್ತನೆಯ ಆದೇಶವನ್ನೂ ಅದು ಯಾವ ಉದ್ದೇಶಕ್ಕೆ, ಎಷ್ಟು ಗುಂಟೆಗೆ ಸಿಕ್ಕಿದೆ ಎಂಬುದನ್ನೂ ಕೇಳಿರಿ. ಪರಿವರ್ತಿತ ಭಾಗಕ್ಕೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಇದೆಯೇ ಎಂಬುದನ್ನೂ ನೋಡಿರಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಪರಿಸರ ಸೂಕ್ಷ್ಮ ವಲಯ, ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶ ಮುಂತಾದೆಡೆ ಕಟ್ಟಡಗಳಿಗೆ ಪ್ರತ್ಯೇಕ ನಿರ್ಬಂಧಗಳಿವೆ.

ದಾರಿ, ನೀರು, ವಿದ್ಯುತ್

ಜಮೀನಿಗೆ ಕಾರು ಹೋಗಿ ಬಂದಿತೆಂದ ಮಾತ್ರಕ್ಕೆ ದಾರಿಯ ಹಕ್ಕಿದೆ ಎಂದು ಭಾವಿಸಬಾರದು. ಪಕ್ಕದವರ ಸೌಜನ್ಯದಿಂದ ನಡೆಯುತ್ತಿದ್ದ ದಾರಿ, ಒಡೆಯರು ಬದಲಾದೊಡನೆ ಮುಚ್ಚಿಹೋಗುವುದುಂಟು. ಗ್ರಾಮ ನಕ್ಷೆಯಲ್ಲಿ ನಕಾಶೆ ದಾರಿ ಅಥವಾ ಬಂಡಿದಾರಿ ಗುರುತಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು. ಮೇವಿನ ಲಾರಿ, ಕುದುರೆ ಸಾಗಿಸುವ ವಾಹನ ತಿರುಗುವಷ್ಟು ಅಗಲವಿರಬೇಕು. ಹೊಟ್ಟೆಶೂಲೆಯಿಂದ ಒದ್ದಾಡುವ ಕುದುರೆಯನ್ನು ನಡುರಾತ್ರಿ ಚಿಕಿತ್ಸೆಗೆ ಒಯ್ಯಬೇಕಾದಾಗ ದಾರಿಯ ಬೆಲೆ ತಿಳಿಯುತ್ತದೆ.

ಒಂದು ಕುದುರೆ ದಿನಕ್ಕೆ ಸುಮಾರು 25ರಿಂದ 50 ಲೀಟರು ನೀರು ಕುಡಿಯುತ್ತದೆ. ಬೇಸಗೆಯಲ್ಲಿ, ದುಡಿದ ದಿನಗಳಲ್ಲಿ ಇನ್ನೂ ಹೆಚ್ಚು. ಮೈ ತೊಳೆಯಲು, ಅಂಗಣದ ಧೂಳು ಅಡಗಿಸಲು, ಹಸಿರು ಮೇವು ಬೆಳೆಯಲು ಬೇಕಾಗುವ ನೀರು ಇದರ ಹಲವು ಪಟ್ಟು. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅಂತರ್ಜಲದ ಅತಿಬಳಕೆ ಹಳೆಯ ಸಮಸ್ಯೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಬೇಕು. ಆದ್ದರಿಂದ ಆಸ್ತಿಯನ್ನು ಮಳೆಗಾಲದಲ್ಲಿ ಒಮ್ಮೆ ನೋಡಿದರೂ ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೋಡದೆ ತೀರ್ಮಾನಿಸಬೇಡಿರಿ. ಪಂಪನ್ನು ಕೆಲವು ಗಂಟೆ ನಿರಂತರವಾಗಿ ಓಡಿಸಿ ಇಳುವರಿ ಅಳೆಯಿಸಿರಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಫ್ಲೋರೈಡ್ ಅಂಶದ ಪರೀಕ್ಷೆಯನ್ನೂ ಮಾಡಿಸಬೇಕು.

ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಅದೇ ಸಂಪರ್ಕದಿಂದ ಮನೆಗೂ ಲಾಯಕ್ಕೂ ತಂತಿ ಎಳೆದಿದ್ದರೆ ಅದು ನಿಯಮಬಾಹಿರ. ಮನೆಗೆ ಪ್ರತ್ಯೇಕ ಮೀಟರು ಇದೆಯೇ, ಬಿಲ್ಲು ಯಾರ ಹೆಸರಿನಲ್ಲಿದೆ, ಬಾಕಿ ಎಷ್ಟು ಎಂಬುದನ್ನು ಕೇಳಿ ತಿಳಿಯಿರಿ.

ಲಾಯ ಹೇಗಿರಬೇಕು?

ಪೂರ್ಣ ಗಾತ್ರದ ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಕೋಣೆ ಸಾಮಾನ್ಯವಾಗಿ ಒಪ್ಪಿತ ಅಳತೆ. ಬಾಗಿಲು ಕನಿಷ್ಠ 4 ಅಡಿ ಅಗಲವಿದ್ದು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಗೆ ಮಲಗಿ ಏಳಲಾಗದೆ ಸಿಕ್ಕಿಕೊಂಡ ಕುದುರೆ ಒಳತೆರೆಯುವ ಬಾಗಿಲಿಗೇ ಅಡ್ಡವಾದೀತು. ದನದ ಕೊಟ್ಟಿಗೆಯನ್ನು ಗೋಡೆ ಹಾಕಿ ವಿಭಾಗಿಸಿ ಲಾಯವೆಂದು ಕರೆದಿರುವ ಸಂದರ್ಭಗಳಲ್ಲಿ ಸೂರು ತಗ್ಗಾಗಿರುತ್ತದೆ. ಮುಂಗಾಲೆತ್ತಿದರೂ ತಲೆ ತಾಗದಷ್ಟು ಎತ್ತರ ಬೇಕು. ಸಿಮೆಂಟಿನ ಅಥವಾ ತಗಡಿನ ಶೀಟು ಬೇಸಗೆಯಲ್ಲಿ ಕಾದು ಕೆಂಡವಾಗುತ್ತದೆ, ಹೆಂಚು ಮೇಲು. ಗಾಳಿ ತಲೆಯ ಮಟ್ಟಕ್ಕಿಂತ ಮೇಲೆ ಅಡ್ಡವಾಗಿ ಹರಿಯಬೇಕು. ಮೂತ್ರದ ಅಮೋನಿಯಾ ವಾಸನೆ ನಿಮ್ಮ ಮೂಗಿಗೆ ತಟ್ಟಿದರೆ ಕುದುರೆಯ ಶ್ವಾಸಕೋಶಕ್ಕೆ ಅದು ಮೊದಲೇ ತಟ್ಟಿರುತ್ತದೆ.

ನುಣುಪಾದ ಕಲ್ಲುಚಪ್ಪಡಿ ಅಥವಾ ಟೈಲ್ಸ್ ನೆಲ ನೋಡಲು ಚೆನ್ನ, ಕುದುರೆಗೆ ಅಪಾಯ; ಜಾರಿ ಬಿದ್ದರೆ ಕಾಲು ಮುರಿಯುತ್ತದೆ. ಬೇಲಿಗೆ ಮುಳ್ಳುತಂತಿ ಸಲ್ಲದು. ಬೆದರಿದ ಕುದುರೆ ತಂತಿಗೆ ನುಗ್ಗಿ ಸ್ನಾಯು ಹರಿದುಕೊಳ್ಳುತ್ತದೆ. ಮರದ ಅಥವಾ ಕೊಳವೆಯ ಅಡ್ಡಪಟ್ಟಿಗಳೇ ಸುರಕ್ಷಿತ. ಸವಾರಿ ಅಂಗಣಕ್ಕೆ 20 ಮೀಟರು ಅಗಲ, 40 ಮೀಟರು ಉದ್ದ ಪ್ರಚಲಿತ ಅಳತೆ. ಇದಕ್ಕೆ ಸುಮಾರು ಎಂಟು ಗುಂಟೆ ಬೇಕು. ಅಂಗಣದ ನಿಜವಾದ ವೆಚ್ಚವೆಲ್ಲ ಮರಳಿನ ಕೆಳಗಿರುತ್ತದೆ. ನೀರು ಬಸಿಯುವಂತೆ ಜಲ್ಲಿ ಹಾಸದೆ ಮೇಲೆ ಮರಳು ಸುರಿದಿದ್ದರೆ ಮೊದಲ ಮಳೆಗೆ ಅದು ಕೆಸರುಗದ್ದೆ. ಮಳೆ ನಿಂತ ಮರುದಿನ ಹೋಗಿ ನೋಡುವುದೇ ಇದಕ್ಕೆ ತಕ್ಕ ಪರೀಕ್ಷೆ.

ಮೇವು, ಗೊಬ್ಬರ ಮತ್ತು ವಿಷಗಿಡಗಳು

450 ಕಿಲೋ ತೂಕದ ಕುದುರೆಗೆ ದೇಹತೂಕದ ಶೇ 2ರಷ್ಟು ಎಂದರೆ ದಿನಕ್ಕೆ ಸುಮಾರು 9 ಕಿಲೋ ಒಣ ಅಂಶದ ಆಹಾರ ಬೇಕು. ವರ್ಷಕ್ಕೆ ಮೂರು ಟನ್ನು ಮೀರುತ್ತದೆ. ನಾಲ್ಕು ಕುದುರೆಗಳಿಗೆ ಹದಿಮೂರು ಟನ್ನು. ಬಯಲುಸೀಮೆಯ ಮಳೆಯಾಶ್ರಿತ ಜಮೀನು ವರ್ಷವಿಡೀ ಇಷ್ಟು ಕೊಡಲಾರದು. ಕುದುರೆಮೆಂತೆ, ರೋಡ್ಸ್ ಹುಲ್ಲಿಗೆ ನೀರಾವರಿ ಬೇಕು; ಇಲ್ಲವಾದರೆ ಮೇವನ್ನು ಕೊಳ್ಳಬೇಕು. ಆರು ಎಕರೆ ಇದೆ, ಮೇಯಲು ಬಿಟ್ಟರೆ ಸಾಕು ಎಂಬ ಎಣಿಕೆ ಜನವರಿ ದಾಟುವುದಿಲ್ಲ.

ಹಸು ಸಾಕಿದ ಅನುಭವ ಇಲ್ಲಿ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ, ಅದಕ್ಕೆ ವಾಂತಿಯಾಗುವುದಿಲ್ಲ. ಬೂಷ್ಟು ಹಿಡಿದ ಹುಲ್ಲು, ಒಮ್ಮೆಗೇ ಹೆಚ್ಚಿಗೆ ಕೊಟ್ಟ ಕಾಳು ಹೊಟ್ಟೆಶೂಲೆಗೆ ಕಾರಣವಾಗಿ ಒಂದೆರಡು ದಿನಗಳಲ್ಲೇ ಪ್ರಾಣ ತೆಗೆಯಬಲ್ಲದು. ಗೋಧಿ ಬೂಸಾವನ್ನು ಅತಿಯಾಗಿ ತಿನ್ನಿಸಿದರೆ, ಆಕ್ಸಲೇಟ್ ಹೆಚ್ಚಿರುವ ಹುಲ್ಲನ್ನೇ ನಿತ್ಯ ಹಾಕಿದರೆ ಮೂಳೆಯ ಸುಣ್ಣದಂಶ ಕುಗ್ಗುತ್ತದೆ. ಜಾನುವಾರು ಹಾಗೂ ಕೋಳಿ ಆಹಾರಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಅಲ್ಪ ಪ್ರಮಾಣದಲ್ಲೂ ಕುದುರೆಗೆ ಮಾರಕ. ಹಸುವಿನ ಹಿಂಡಿಯ ಚೀಲ ಲಾಯದ ಹತ್ತಿರವೂ ಸುಳಿಯಕೂಡದು.

ಅಂದಕ್ಕಾಗಿ ನೆಟ್ಟ ಗಿಡಗಳನ್ನೂ ಗಮನಿಸಿರಿ. ಕಣಗಿಲೆಯ ಕೆಲವೇ ಎಲೆಗಳು ಕುದುರೆಯನ್ನು ಕೊಲ್ಲಬಲ್ಲವು. ಹರಳು, ಉಮ್ಮತ್ತಿ, ಲಂಟಾನ, ಬೆಣ್ಣೆಹಣ್ಣಿನ ಎಲೆಗಳೂ ವಿಷಕಾರಿ. ನವೀಕರಿಸಿದ ತೋಟದ ಮನೆಗಳ ಹಾದಿಯುದ್ದಕ್ಕೂ ಸಾಲು ಕಣಗಿಲೆ ಇರುವುದು ಸಾಮಾನ್ಯವಾದ್ದರಿಂದ ಈ ಎಚ್ಚರಿಕೆ.

ಒಂದು ಕುದುರೆಯಿಂದ ದಿನಕ್ಕೆ ಸರಿಸುಮಾರು 20 ಕಿಲೋ ಲದ್ದಿ ಬೀಳುತ್ತದೆ. ಕೊಳೆಸಿದರೆ ತೆಂಗು, ರಾಗಿಗೆ ಉತ್ತಮ ಗೊಬ್ಬರ. ಹಾಗೇ ಬಿಟ್ಟರೆ ನೊಣದ ತವರು. ಗುಂಡಿಯು ಬಾವಿಯಿಂದ ದೂರ, ಇಳಿಜಾರಿನ ಕೆಳಗಡೆ ಇರಬೇಕು. ಲದ್ದಿ ಬಿದ್ದ ಮಣ್ಣಿನಲ್ಲಿ ಧನುರ್ವಾಯುವಿನ ಅಣುಜೀವಿಗಳು ಉಳಿಯುವುದರಿಂದ ಕುದುರೆಗಳಿಗೂ ಅಲ್ಲಿ ದುಡಿಯುವ ಮಂದಿಗೂ ಲಸಿಕೆ ಕಡ್ಡಾಯವೆಂದೇ ತಿಳಿಯಿರಿ.

ಕುದುರೆ ಸಮೇತ ಕೊಳ್ಳುವುದಾದರೆ

ಕೆಲವು ಮಾರಾಟಗಳಲ್ಲಿ 'ಕುದುರೆಗಳನ್ನೂ ಜೊತೆಗೆ ಕೊಡಲಾಗುವುದು' ಎಂಬ ಸಾಲಿರುತ್ತದೆ. ಇವು ಬಹುಮಟ್ಟಿಗೆ ಪಂದ್ಯದಿಂದ ನಿವೃತ್ತವಾದ ಥರೋಬ್ರೆಡ್ ತಳಿಯವು. ಪಂದ್ಯದ ಬದುಕು ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಕುದುರೆಯ ಆಯುಸ್ಸು 25ರಿಂದ 30 ವರ್ಷ. ಆರು ವರ್ಷದ ಕುದುರೆಯನ್ನು ಪುಕ್ಕಟೆಯಾಗಿ ಪಡೆದವರು ಇಪ್ಪತ್ತು ವರ್ಷಗಳ ಹೊಣೆಯನ್ನು ಪಡೆದಿರುತ್ತಾರೆ. ಗುರುತಿನ ದಾಖಲೆ, ಮೈಕ್ರೊಚಿಪ್, ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದ ನೋಂದಣಿ ತಾಳೆಯಾಗುತ್ತವೆಯೇ ಎಂದು ನೋಡಿರಿ. ಮಾರುವವರ ಪರಿಚಯದವರಲ್ಲದ ಪಶುವೈದ್ಯರಿಂದ ಕಾಲು, ಗೊರಸು, ಹಲ್ಲು, ಕಣ್ಣು, ಉಸಿರಾಟ ಪರೀಕ್ಷಿಸಿರಿ.

ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ ಅತ್ಯಗತ್ಯ. ಇದು ಮನುಷ್ಯರಿಗೂ ಹರಡುವ, ಲಸಿಕೆಯಿಲ್ಲದ ರೋಗ. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯಂತೆ ವರದಿ ಮಾಡಲೇಬೇಕು. ದೃಢಪಟ್ಟ ಕುದುರೆಗೆ ದಯಾಮರಣವೇ ಗತಿ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ.

ಸಾಯಿಸರು ಮುಂದುವರಿಯುವರೇ ಎಂಬುದನ್ನು ಅವರನ್ನೇ ಕೇಳಿರಿ. ಯಾವ ಕುದುರೆ ಯಾವ ಶಬ್ದಕ್ಕೆ ಬೆದರುತ್ತದೆ, ಯಾವುದು ಯಾವುದರ ಜೊತೆ ಹೊಂದುವುದಿಲ್ಲ ಎಂಬುದು ಯಾವ ಕಡತದಲ್ಲೂ ಸಿಗದು. ಅದು ಅವರ ತಲೆಯಲ್ಲಿರುತ್ತದೆ. ಅವರ ವಾಸದ ಕೋಣೆ ಲಾಯಕ್ಕಿಂತ ಕೀಳಾಗಿದ್ದರೆ ಆ ಸ್ಥಳದಲ್ಲಿ ಯಾರೂ ಬಹುಕಾಲ ನಿಲ್ಲುವುದಿಲ್ಲ. ಲಾಳವನ್ನು ಆರರಿಂದ ಎಂಟು ವಾರಗಳಿಗೊಮ್ಮೆ ಬದಲಿಸಬೇಕು. ಎತ್ತಿಗೆ ಲಾಳ ಕಟ್ಟುವ ಕಸುಬು ಕುದುರೆಗೆ ಸಾಲದು. ತರಬೇತಾದವರು ಎಷ್ಟು ದೂರದಿಂದ ಬರಬೇಕೆಂಬುದನ್ನು ಮೊದಲೇ ವಿಚಾರಿಸಿರಿ.

ಕುದುರೆ ಹಿಂಡಿನ ಜೀವಿ. ಒಂಟಿಯಾಗಿ ಸಾಕುವುದು ಸಲ್ಲದು. ಹವ್ಯಾಸ ತೀರಿದ ಬಳಿಕ ಬೀದಿಗೆ ಬಿಟ್ಟ ಕುದುರೆಗಳು ರಾಜ್ಯದ ಊರುಗಳಲ್ಲಿ ಕಸ ಮೇಯುತ್ತ ಅಲೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಹಸಿವು, ನೀರಡಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ.

ಕೊನೆಗೆ ಮನೆ

ಬಯಲುಸೀಮೆಯ ಹಳೆಯ ತೋಟದ ಮನೆಗಳು ಮಣ್ಣಿನ ಇಲ್ಲವೇ ಕಲ್ಲಿನ ಗೋಡೆ, ಕಲ್ಲುಚಪ್ಪಡಿ ಅಥವಾ ಹೆಂಚಿನ ಸೂರು ಉಳ್ಳವು. ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಹೊಂದುತ್ತದೆ, ಏಕೆಂದರೆ ಗೋಡೆಯ ತೇವ ಅದರ ಮೂಲಕ ಆರುತ್ತದೆ. ಸಿಮೆಂಟ್ ಪ್ಲಾಸ್ಟರ್ ಮಾಡಿ ಬಣ್ಣ ಬಳಿದರೆ ತೇವ ಒಳಗೇ ಉಳಿದು ಗೋಡೆ ಸೊರಗುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಹೊಸ ಬಣ್ಣ ಕಂಡರೆ ಅಲ್ಲಿ ಏನನ್ನೋ ಮರೆಮಾಡಿದೆ ಎಂದು ಶಂಕಿಸಿರಿ. ತೊಲೆ, ಕಂಬಗಳನ್ನು ತಟ್ಟಿ ನೋಡಿರಿ; ಟೊಳ್ಳು ಸದ್ದು ಗೆದ್ದಲಿನ ಸುಳಿವು. ಸಾಧ್ಯವಾದರೆ ಮಳೆ ಸುರಿಯುತ್ತಿರುವಾಗಲೇ ಸೂರಿನ ಕೆಳಗೆ ನಿಂತು ನೋಡಿರಿ.

ಮುಂಗಡ ಕೊಡುವ ಮುನ್ನ

ವಕೀಲರ ಲಿಖಿತ ಅಭಿಪ್ರಾಯ, ಸರ್ವೆಯವರಿಂದ ಹದ್ದುಬಸ್ತು, ನೀರಿನ ಪರೀಕ್ಷೆ, ಪಶುವೈದ್ಯರ ವರದಿ, ಈ ನಾಲ್ಕೂ ಕೈಸೇರುವ ತನಕ ಮುಂಗಡ ಕೊಡದಿರುವುದು ಲೇಸು. ಕರಾರಿನಲ್ಲಿ ಲಾಯದ ಸಲಕರಣೆ, ಮೇವಿನ ದಾಸ್ತಾನು, ಪಂಪ್‌ಸೆಟ್, ಕುದುರೆಗಳನ್ನು ಒಂದೊಂದಾಗಿ ನಮೂದಿಸಿರಿ. ನೆರೆಹೊರೆಯ ರೈತರೊಂದಿಗೆ ಅರ್ಧ ದಿನ ಮಾತನಾಡಿರಿ. ಈ ಜಮೀನು ಮೊದಲು ಯಾರದಾಗಿತ್ತು, ಬಾವಿ ಯಾವ ತಿಂಗಳು ಬತ್ತುತ್ತದೆ, ಕಳೆದ ಒಡೆಯರು ಏಕೆ ಹೊರಟರು ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಜಾಹೀರಾತಿನಲ್ಲಿ ಬರೆಯದೇ ಬಿಟ್ಟ ಸಾಲುಗಳನ್ನು ಓದಿ ಹೇಳಬಲ್ಲವರು ಅವರೇ. ನಾಳೆ ನಿಮ್ಮ ಕುದುರೆ ಬೇಲಿ ಹಾರಿ ಓಡಿದಾಗ ಹಿಡಿದು ತಂದುಕೊಡುವವರೂ ಅವರೇ.